ಫ್ರೀ ಫೋನು, ಫ್ರೀ ಊಟ

ಹುಬ್ಬಳ್ಳಿಯ ಒಂದು ಓಣಿಯಲ್ಲಿ ಅಕ್ಕ ಒಬ್ಬಳು ಮನೆಯಲ್ಲೇ ಖಾನಾವಳಿ ನಡೆಸುತ್ತಿದ್ದಳು. ಇಂಟರ್ನೆಟ್ ಅಂಗಡಿಯ ಗಿರಿಮಲ್ಲಪ್ಪ ಅವಳಿಗೊಂದು ಇಂಟರ್ನೆಟ್ ಫೋನು ಹಾಕಿಸಿ, "ಮಾತೆಲ್ಲಾ ಫ್ರೀ" ಎಂದಿದ್ದ. ಅಕ್ಕ ಊಟ ತಯಾರಾಗಿದೆ ಎಂದು ಗಿರಾಕಿಗಳ ಮೊಬೈಲಿಗೆಲ್ಲ ಫೋನು ಮಾಡಿದಳು. ತಿಂಗಳ ಕೊನೆಗೆ ದೊಡ್ಡ ಬಿಲ್ಲು ಬಂತು.

"ಇನ್‌ಕಮಿಂಗ್ ಫ್ರೀ. ನಮ್ಮ ಫೋನಿಂದ ನಮ್ಮ ಫೋನಿಗೆ ಫ್ರೀ. ಹೊರಗಿನ ಮೊಬೈಲಿಗೆ ಚಾರ್ಜ್. ಮೊದಲಽ ಕೇಳೋದು ನಿಮ್ಮ ಕೆಲಸ ಆಗಿತ್ತು," ಎಂದು ಗಿರಿಮಲ್ಲಪ್ಪ ಬಾಗಿಲಲ್ಲೇ ಗದರಿದ. "ಸಂಜೀತನಕ ರೊಕ್ಕ ಕಟ್ಟದಿದ್ರ ಲೈನ್ ಕಟ್!"

ಲೈನ್ ಹೋದರೆ ಊಟದ ಆರ್ಡರೂ ಹೋಗುತ್ತಿತ್ತು. ಆದರೂ ಅಕ್ಕ ನಕ್ಕಳು. "ಆತ್ರೀ ಸಾಹೇಬ್ರ. ಬಿಸಿಲಾಗ ಬಂದೀರಿ, ಉಂಡು ಹೋಗ್ರಿ. ಇವತ್ತು ಊಟ ಫ್ರೀ."

ಫ್ರೀ ಎಂದ ಮೇಲೆ ಕೇಳಬೇಕೆ? ಬಿಸಿ ರೊಟ್ಟಿ, ಎಣ್ಣೆಗಾಯಿ, ಕೆಂಪು ಚಟ್ನಿ. ಗಿರಿಮಲ್ಲಪ್ಪ ಬೆಲ್ಟು ಸಡಿಲಿಸಿಕೊಂಡು ಉಂಡ. ಕೈ ತೊಳೆದು ಬಂದರೆ ಎದುರಿಗೆ ಬಿಲ್ಲು! ಅದೂ ಫೋನಿನ ಬಿಲ್ಲಿನಷ್ಟೇ!

"ಫ್ರೀ ಅಂದಿದ್ರಲ್ರೀ!" ಎಂದು ಕೂಗಿದ.

"ನಮ್ಮ ಬುಟ್ಟಿಯಿಂದ ನಮ್ಮ ತಾಟಿಗೆ ಫ್ರೀ ರೀ. ತಾಟಿಂದ ಹೊರಗಿನವರ ಬಾಯಿಗೆ ಹೋದ್ರ ಚಾರ್ಜ್. ಮೊದಲಽ ಕೇಳೋದು ನಿಮ್ಮ ಕೆಲಸ ಆಗಿತ್ತು."

ಉಣ್ಣುತ್ತಿದ್ದವರೆಲ್ಲ ಹೋ ಎಂದು ನಕ್ಕರು. ಗಿರಿಮಲ್ಲಪ್ಪನ ಮುಖ ಚಟ್ನಿಗಿಂತ ಕೆಂಪಾಯಿತು. ಕೊನೆಗೆ ಅವನಿಗೂ ನಗು ತಡೆಯಲಾಗಲಿಲ್ಲ. ಫೋನಿನ ಬಿಲ್ಲನ್ನು ತಾನೇ ಹರಿದು ಹಾಕಿದ. ಇನ್ನು ಮುಂದೆ ಯಾವುದಕ್ಕೆ ಚಾರ್ಜ್ ಎಂದು ಹೇಳಿಯೇ ಫೋನು ಕೊಡುತ್ತೇನೆ ಎಂದ.

ಅಕ್ಕ ಮಜ್ಜಿಗೆ ತಂದಿಟ್ಟಳು. ಅವನು ಲೋಟ ಮುಟ್ಟಲೇ ಇಲ್ಲ.

"ಅಕ್ಕಾರ, ಇದಕ್ಕೆಷ್ಟ್ರೀ?"

"ಕುಡೀರಿ ಕುಡೀರಿ. ಅದು ಇನ್‌ಕಮಿಂಗ್!"