ಬಾಜಿ ಗೆದ್ದ ಕಪ್ಪೆ

ಮತ್ತೆ ಚುನಾವಣೆ ಬಂತು, ಮತ್ತೆ ಈ ಕತೆ ಹೇಳಬೇಕು. ಹೇಳಿ ಹೇಳಿ ನನಗೂ ಸಾಕಾಗಿದೆ ಮಕ್ಕಳೇ. ಆದರೂ ಕೇಳಿ.

ಕಾಡಿನಂಚಿನಲ್ಲಿ ಒಂದು ಕೆರೆ. ಅದರ ಮೂಲೆಯಲ್ಲಿ ಒತ್ತಾಗಿ ಬೆಳೆದ ಜೊಂಡು. ಆ ಜೊಂಡಿನೊಳಗೆ ಯಾವ ಹಕ್ಕಿಯೂ ಕೊಕ್ಕು ಹಾಕಬಾರದು ಎಂದು ಕೆರೆಯ ಯಜಮಾನ ಕಟ್ಟುಪಾಡು ಮಾಡಿದ್ದ. ಹಾಗಾಗಿ ಕಪ್ಪೆ ಸಣ್ಣವ್ವ ತನ್ನ ಮರಿಗಳನ್ನೆಲ್ಲ ಅಲ್ಲೇ ಬಿಟ್ಟಿದ್ದಳು.

ಆ ಯಜಮಾನ ತೀರಿಕೊಂಡ. ಹೊಸಬನನ್ನು ಆರಿಸಬೇಕಾಯಿತು. ನಿಂತವರು ಇಬ್ಬರೇ, ಆಮೆ ಕಲ್ಲಜ್ಜ ಮತ್ತು ಬೆಳ್ಳಕ್ಕಿ ಧವಳಪ್ಪ.

“ಜೊಂಡಿನ ತಂಟೆಗೆ ಯಾರೂ ಹೋಗಕೂಡದು,” ಎಂದ ಕಲ್ಲಜ್ಜ.

“ಜೊಂಡಿನ ವಿಷಯ ಆಮೇಲೆ ನೋಡೋಣ,” ಎಂದ ಧವಳಪ್ಪ, ಮರಿಗಳ ಕಡೆಗೇ ನೋಡುತ್ತಾ.

ಯಾರಿಗೆ ಮತ ಹಾಕಬೇಕು ಅಂತ ನಿಮಗೇ ಗೊತ್ತಾಯಿತಲ್ಲ? ಸಣ್ಣವ್ವನಿಗೂ ಗೊತ್ತಾಗಿತ್ತು. ಅಲ್ಲಿಗೇ ಮುಗಿದಿದ್ದರೆ ನನ್ನ ಗಂಟಲಿಗಾದರೂ ಬಿಡುವು ಸಿಗುತ್ತಿತ್ತು.

ಆದರೆ ಏರಿಯ ಮೇಲಿನ ಹೊಂಗೆಮರದಲ್ಲಿ ಕಾಗೆ ಕರಿಯಣ್ಣ ಬಾಜಿ ಅಂಗಡಿ ತೆರೆದ. ಯಾರು ಗೆಲ್ಲುತ್ತಾರೆ ಅಂತ ಹೇಳಿ ಹುಳು ಕಟ್ಟಬೇಕು. ಹೇಳಿದ್ದು ನಿಜವಾದರೆ ಕಟ್ಟಿದ್ದಕ್ಕಿಂತ ಹೆಚ್ಚು ಹುಳು ಸಿಗುತ್ತದೆ. ಯಾರ ಮೇಲೆ ಹೆಚ್ಚು ಹುಳು ಬೀಳುತ್ತದೋ ಅವರ ದರ ಏರುತ್ತದೆ. ಎಲ್ಲರಿಗಿಂತ ಮೊದಲು ಧವಳಪ್ಪನೇ ಒಂದು ರಾಶಿ ಹುಳು ತಂದು ತನ್ನ ಮೇಲೆ ತಾನೇ ಕಟ್ಟಿಕೊಂಡ. ಅಷ್ಟಕ್ಕೇ ಕರಿಯಣ್ಣ ಕೂಗತೊಡಗಿದ: “ಧವಳಪ್ಪನ ದರ ಏರಿತು! ಕಲ್ಲಜ್ಜನ ದರ ಇಳಿಯಿತು!” ಬೆಳಗಿಂದ ಸಂಜೆವರೆಗೆ ಅದೇ ಕೂಗು, ಕಿವಿ ತೂತಾಗುವ ಹಾಗೆ.

ಸಣ್ಣವ್ವ ಮರದ ಕೆಳಗೆ ಬಂದಳು. “ಕರಿಯಣ್ಣಾ, ನಿಜವಾಗ್ಲೂ ಆ ಬೆಳ್ಳಕ್ಕೀನೇ ಗೆಲ್ತಾನಾ?”

“ನಾನು ಹೇಳೋದಲ್ಲ ತಾಯಿ, ದರ ಹೇಳುತ್ತೆ. ಗೆದ್ದೆತ್ತಿನ ಬಾಲ ಹಿಡಿ, ನಾಲ್ಕು ಹುಳುವಾದ್ರೂ ಸಿಗುತ್ತೆ.”

“ನನಗೆ ಕಲ್ಲಜ್ಜ ಬೇಕಪ್ಪಾ!”

“ಬೇಕಾಗಿರೋದು ಬೇರೆ, ಆಗೋದು ಬೇರೆ.”

ಸಣ್ಣವ್ವ ದಣಿದಿದ್ದಳು. ಮರಿಗಳಿಗೆ ಹುಳು ಹುಡುಕಿ ಹುಡುಕಿ ಕಾಲು ಬಿದ್ದುಹೋಗಿದ್ದವು. ಆಗುವುದು ಹೇಗೂ ಆಗಿಯೇ ಆಗುತ್ತದೆ ಎಂದುಕೊಂಡು, ಕೂಡಿಟ್ಟಿದ್ದ ಹುಳುವನ್ನೆಲ್ಲ ಧವಳಪ್ಪನ ಮೇಲೆ ಕಟ್ಟಿಬಿಟ್ಟಳು.

ಚುನಾವಣೆಯ ದಿನ ಬಂತು. ನೀರಿಗೆ ಬಾಗಿದ ಒಂದು ಮರದ ಪೊಟರೆಗೆ ಕಲ್ಲು ಹಾಕಬೇಕು. ಕಲ್ಲಜ್ಜನಿಗಾದರೆ ಕರಿಕಲ್ಲು, ಧವಳಪ್ಪನಿಗಾದರೆ ಬಿಳಿಕಲ್ಲು. ಸಣ್ಣವ್ವ ಕರಿಕಲ್ಲನ್ನೇ ಎತ್ತಿಕೊಂಡಳು. ಪೊಟರೆಯ ಹತ್ತಿರ ಹೋದವಳು ಗಕ್ಕನೆ ನಿಂತಳು.

“ಅಯ್ಯೋ, ಕಲ್ಲಜ್ಜ ಗೆದ್ದುಬಿಟ್ಟರೆ ನನ್ನ ಹುಳು ಹೋಯ್ತಲ್ಲ! ನನ್ನದೊಂದು ಕಲ್ಲಿಂದ ಏನು ಮಹಾ ಆಗುತ್ತೆ?”

ಕರಿಕಲ್ಲು ಕೆಳಗಿಟ್ಟಳು. ಬಿಳಿಕಲ್ಲು ಹಾಕಿದಳು.

ಎಣಿಸಿ ನೋಡಿದರೆ ಧವಳಪ್ಪ ಗೆದ್ದಿದ್ದ. ಕಲ್ಲಜ್ಜ ನೀರಿಗಿಳಿದ.

ಸಣ್ಣವ್ವ ಪಕ್ಕದಲ್ಲಿದ್ದ ಏಡಿಯನ್ನು ಮೆಲ್ಲಗೆ ಕೇಳಿದಳು, “ನೀನು ಯಾರಿಗೆ ಹಾಕಿದೆ ನಿಂಗಣ್ಣಾ?”

“ಬಾಜಿ ಕಟ್ಟಿದ್ದೆನಲ್ಲ ತಂಗೀ, ಬಿಳಿಕಲ್ಲೇ ಹಾಕಿದೆ. ಆದರೆ ನನಗೆ ಬೇಕಾಗಿದ್ದು ಕಲ್ಲಜ್ಜನೇ.”

“ನನಗೂ ಅವನೇ,” ಎಂದಿತು ಹಿಂದಿನ ನೀರಿನಿಂದ ಒಂದು ಮೀನು. “ನನಗೂ,” ಎಂದಿತು ಇನ್ನೊಂದು.

ಕರಿಯಣ್ಣ ಮಾತಿಗೆ ತಪ್ಪಲಿಲ್ಲ. ಗೆದ್ದ ಹುಳುವನ್ನೆಲ್ಲ ಸಣ್ಣವ್ವನಿಗೆ ಕೊಟ್ಟ. ಅವಳು ಅದನ್ನು ಬಾಯ್ತುಂಬ ತುರುಕಿಕೊಂಡು, ಮರಿಗಳಿಗೆ ಇವತ್ತಾದರೂ ಹೊಟ್ಟೆ ತುಂಬುತ್ತದೆ ಎಂದು ಜೊಂಡಿನ ಕಡೆ ಕುಪ್ಪಳಿಸಿದಳು.

ಜೊಂಡಿನ ನಡುವೆ ಹೊಸ ಯಜಮಾನ ನಿಂತಿದ್ದ.

“ಬಾ ಸಣ್ಣವ್ವಾ. ಆ ಹಳೇ ಕಟ್ಟುಪಾಡು ಈಗಷ್ಟೇ ತೆಗೆದುಹಾಕಿದೆ,” ಎಂದು ಧವಳಪ್ಪ ಕೊಕ್ಕು ಒರೆಸಿಕೊಂಡ.

ನೀರಿನಲ್ಲಿ ಒಂದು ಮರಿಯೂ ಮಿಸುಕಲಿಲ್ಲ. ಸಣ್ಣವ್ವ ಕೂಗಿ ಅಳಲು ಹೋದಳು. ಬಾಯಿ ತುಂಬ ಹುಳುವಿತ್ತು.

ನೀತಿ: ಯಾರು ಗೆಲ್ಲುತ್ತಾರೆ ಎಂದು ನೋಡಿ ಮತ ಹಾಕಬೇಡಿ, ಯಾರು ಗೆಲ್ಲಬೇಕು ಎಂದು ಯೋಚಿಸಿ ಹಾಕಿ.