ಸಡಿಲ ನಟ್ಟು ಯಾರ ಕಡೆ?

ಕಥೆ ಹೇಳಿ ಅಭ್ಯಾಸವಿಲ್ಲ, ತಪ್ಪಿದರೆ ಕ್ಷಮಿಸಿ.

ಪೊನ್ನಮ್ಮನ ರೇಸ್ ಕಾರಿನಲ್ಲಿ ಚಕ್ರಕ್ಕೊಂದೇ ನಟ್ಟು. ಅದು ಕಳಚಿದರೆ ಚಕ್ರವೇ ಕಳಚಿದಂತೆ. ಅಂದು ಮೆಕ್ಯಾನಿಕ್ ಮಾತಿನ ಭರದಲ್ಲಿ ಒಂದು ನಟ್ಟನ್ನು ಬೆರಳಲ್ಲಷ್ಟೇ ತಿರುಗಿಸಿ, ಸ್ಪ್ಯಾನರ್ ಹಾಕಿ ಬಿಗಿಯುವುದನ್ನು ಮರೆತ.

"ಸಾರ್ವಕಾಲಿಕ ಶ್ರೇಷ್ಠ ಚಾಲಕನೆಂದರೆ ಹೆಚ್ಚು ಕಪ್ ಗೆದ್ದವನು!" ಎಂದಿತು ಹೆಲ್ಮೆಟ್.

"ಹೋಗಯ್ಯಾ! ಡಕೋಟ ಕಾರಿನಲ್ಲಿ ಗೆದ್ದವನು," ಎಂದಿತು ಸ್ಟೀರಿಂಗ್.

"ಸ್ವಾಮಿ, ನಾನು ಸಡಿಲವಾಗಿದ್ದೇನೆ. ಪೊನ್ನಮ್ಮ ಸಾಯುತ್ತಾಳೆ," ಎಂದಿತು ನಟ್ಟು.

"ದೊಡ್ಡವರ ಚರ್ಚೆಯಲ್ಲಿ ನಿನ್ನ ಗೋಳೇ? ಯಾರ ಕಡೆ, ಅದನ್ನು ಹೇಳು!" ಎಂದು ಸ್ಟೀರಿಂಗ್ ಗದರಿತು.

ಪೊನ್ನಮ್ಮ ಎಂಜಿನ್ ಚಾಲೂ ಮಾಡಿದಳು. ನಟ್ಟು ಬೇಕೆಂದೇ ನಡುಗಿ ನಡುಗಿ ಕಳಚಿಕೊಂಡು ಠಣ್ಣೆಂದು ನೆಲಕ್ಕೆ ಬಿತ್ತು. ಮೆಕ್ಯಾನಿಕ್ ಬಿಳಿಚಿಕೊಂಡು ಕಾರಿಗೆ ಅಡ್ಡ ನಿಂತ.

"ಪೊನ್ನಮ್ಮನ ಕಡೆ," ಎಂದಿತು ನಟ್ಟು.

ಇದರರ್ಥ ಏನೆಂದರೆ, ಶ್ರೇಷ್ಠ ಯಾರು ಅನ್ನುವುದಕ್ಕಿಂತ... ಬಂದೆ, ಬಂದೆ, ಅಮ್ಮ ಕರೆಯುತ್ತಿದ್ದಾರೆ.