ಕಾಜಾಣ ಹದ್ದಿನ ಬೆನ್ನೇರಿ ಕೇಳುವುದೇನು

ಲೋಕ ಇನ್ನೂ ಹೊಸದಾಗಿತ್ತು. ಹೊಸ ಮಡಕೆಗೆ ಮೊದಲ ಸಲ ನೀರು ಹಾಕಿದಾಗ ಒಂದು ವಾಸನೆ ಬರುತ್ತದಲ್ಲ, ಇಡೀ ನೆಲ ಹಾಗೆ ಘಮ್ಮೆನ್ನುತ್ತಿತ್ತು. ಗಾಳಿಗೆ ಮಾತು ಬರುತ್ತಿತ್ತು, ಹೊಳೆಗೆ ಮಾತು ಬರುತ್ತಿತ್ತು. ಹಕ್ಕಿಗಳಿಗಂತೂ ಬಾಯಿ ಮುಚ್ಚಲು ಪುರುಸೊತ್ತೇ ಇರಲಿಲ್ಲ.

ಆ ಕಾಲದಲ್ಲಿ ಪುಟ್ಟ ಹಕ್ಕಿಗಳಿಗೆಲ್ಲ ಹದ್ದು ಅಣ್ಣ. ಅವುಗಳ ಮರಿಗಳಿಗೆ ಸೋದರಮಾವ.

ನಗಬೇಡ ಹೊನ್ನಿ. ಬೆಳಿಗ್ಗೆ ಕಿವಿ ಚುಚ್ಚುವಾಗ ನೀನು ಯಾರ ತೊಡೆಯ ಮೇಲೆ ಕೂತಿದ್ದೆ? ನಿನ್ನ ಕೆಂಪಯ್ಯ ಮಾವನ ತೊಡೆಯ ಮೇಲೆ ತಾನೆ? ಊರಿಗೆಲ್ಲ ಕೇಳುವ ಹಾಗೆ ಕಿರುಚಿದೆ, ಅವನ ಹೊಸ ಅಂಗಿಗೆ ಮೂಗು ಒರೆಸಿದೆ, ಆದರೂ ತೊಡೆ ಬಿಟ್ಟು ಇಳಿಯಲಿಲ್ಲ. ಮಾವನ ತೊಡೆ ಅಂದರೆ ಹಾಗೆಯೇ. ಹಕ್ಕಿಗಳೂ ಅದನ್ನೇ ನಂಬಿದ್ದವು.

ಅವುಗಳಲ್ಲಿ ಒಂದು ಶಾಸ್ತ್ರವಿತ್ತು, ಮುಗಿಲು ತೋರಿಸುವ ಶಾಸ್ತ್ರ. ಮರಿಗೆ ಪುಕ್ಕ ಮೂಡಿದ ಮೇಲೆ ತಾಯಿ ಅದನ್ನು ಹದ್ದಿನ ಬೆನ್ನ ಮೇಲೆ ಕೂರಿಸುತ್ತಿದ್ದಳು. ಮಾವ ಮರಿಯನ್ನು ಹೊತ್ತು ಮೇಲೆ, ಇನ್ನೂ ಮೇಲೆ ಹೋಗುತ್ತಿದ್ದ. "ನೋಡು, ಅದು ಹೊಳೆ. ನೋಡು, ಅದು ಗುಡ್ಡ. ನೋಡು, ಅದು ನಿಮ್ಮವ್ವ, ಎಷ್ಟು ಸಣ್ಣಗೆ ಕಾಣ್ತಾಳೆ!" ಎಂದು ಒಂದು ಸುತ್ತು ಹಾಕಿಸಿ, ಕೆಳಗೆ ತಂದು, ತನ್ನದೇ ಒಂದು ಪುಕ್ಕ ಕಿತ್ತು ಗೂಡಿಗೆ ಹಾಸುತ್ತಿದ್ದ. ಅದು ಮಾವನ ಉಡುಗೊರೆ. ಆಮೇಲೆಯೇ ಮರಿ ಸ್ವಂತ ರೆಕ್ಕೆ ಬಿಚ್ಚಬೇಕು.

ಅಂಗಳದಲ್ಲಿ ಹದ್ದಿನ ನೆರಳು ಬಿದ್ದರೆ ಈಗ ಕೋಳಿಮರಿಗಳು ತಾಯಿಯ ರೆಕ್ಕೆಯೊಳಗೆ ನುಗ್ಗುತ್ತವೆ. ಆಗ ಹಾಗಲ್ಲ. "ಮಾವ ಬಂದ! ಮಾವ ಬಂದ!" ಎಂದು ಒಳಗಿದ್ದವೂ ಹೊರಗೆ ಓಡಿ ಬರುತ್ತಿದ್ದವು. ಆ ಕಾಲವನ್ನು ನಾನೇನೂ ಕಂಡವಳಲ್ಲ. ಆದರೂ ನೆನೆಸಿಕೊಂಡರೆ ನನ್ನ ತವರಿನ ಬಾಗಿಲು ನೆನಪಾಗುತ್ತದೆ, ಬಾಗಿಲಲ್ಲಿ ನಿಂತು "ಬಂದೇನವ್ವಾ" ಎನ್ನುತ್ತಿದ್ದ ನಮ್ಮಣ್ಣನ ದನಿ ನೆನಪಾಗುತ್ತದೆ.

ಇರಲಿ, ಕಥೆಗೆ ಬರೋಣ.

ಕರಿ ಮೈಯ ಕಾಜಾಣಕ್ಕೆ ಆ ವರ್ಷ ಉಳಿದದ್ದು ಒಂದೇ ಮರಿ. ಬಿರುಗಾಳಿಗೆ ಗೂಡು ಓರೆಯಾಗಿ, ಮಿಕ್ಕ ಮೊಟ್ಟೆಗಳು ಉರುಳಿ ಹೋಗಿದ್ದವು. ಹಾಗಾಗಿ ಆ ಒಂದು ಮರಿಯನ್ನು ಅವಳು ಮುದ್ದು ಮಾಡಿದ್ದೇ ಮಾಡಿದ್ದು. ಶಾಸ್ತ್ರದ ದಿನ ಕೊಕ್ಕಿನಿಂದ ಅದರ ತಲೆ ಬಾಚಿ, ಹದ್ದಿನ ಬೆನ್ನ ಮೇಲೆ ಕೂರಿಸಿ, "ಅಣ್ಣಾ, ಮೆಲ್ಲಗೆ. ಇದು ಸ್ವಲ್ಪ ತುಂಟ" ಎಂದಳು.

"ನನಗೆ ಹೇಳಿಕೊಡ್ತೀಯಾ? ಊರಿನ ಮರಿಗಳನ್ನೆಲ್ಲ ಹೊತ್ತ ಬೆನ್ನಿದು" ಎಂದು ಹದ್ದು ನಕ್ಕು ಮೇಲೇರಿತು.

ಮರಿ ತುಂಟನೇ. ಹೊಳೆ ಕಂಡಾಗ ಬಗ್ಗಿತು, ಗುಡ್ಡ ಕಂಡಾಗ ಎದ್ದು ನಿಂತಿತು. ಅಷ್ಟರಲ್ಲಿ ಗಾಳಿ ಒಮ್ಮೆ ಜೋರಾಗಿ ಬೀಸಿತು, ಮರಿ ಜಾರಿತು. ಹದ್ದು ಗಕ್ಕನೆ ತಿರುಗಿ ಕಾಲಿನಿಂದ ಅದನ್ನು ಹಿಡಿದುಕೊಂಡಿತು. ಉಳಿಸಬೇಕೆಂದೇ ಹಿಡಿದದ್ದು, ಅದರಲ್ಲಿ ಸುಳ್ಳಿಲ್ಲ. ಆದರೆ ಉಗುರು ತಾಗಿ ಮರಿಯ ಮೈಯಲ್ಲಿ ರಕ್ತ ಬಂತು. "ಅಳಬೇಡ ಕಂದ" ಎಂದು ಹದ್ದು ಗಾಯವನ್ನು ನೆಕ್ಕಿತು.

ಅಲ್ಲಿಯವರೆಗೆ ಆಲದ ಹಣ್ಣು, ದಡಕ್ಕೆ ಬಿದ್ದ ಸತ್ತ ಮೀನು ತಿಂದು ಬದುಕಿದ್ದ ಹಕ್ಕಿ ಅದು. ಬಿಸಿ ರಕ್ತ ನಾಲಿಗೆಗೆ ತಾಗಿದ್ದು ಅದೇ ಮೊದಲು. ರುಚಿ ಹತ್ತಿತು. ಮುಂದೆ ಆದದ್ದನ್ನು ನಾನು ಬಿಡಿಸಿ ಹೇಳುವುದಿಲ್ಲ ಹೊನ್ನಿ, ನೀನು ಕೇಳಲೂಬೇಡ.

ಕೆಳಗೆ ಕಾಜಾಣ ಕೊಂಬೆಯ ಮೇಲೆ ಕೂತು ಕತ್ತೆತ್ತಿ ಕಾಯುತ್ತಿದ್ದಳು. ಮೇಲೆ ಹದ್ದು ಸುತ್ತುತ್ತಿತ್ತು. ಇಳಿಯಲಿಲ್ಲ, ಸುತ್ತುತ್ತಲೇ ಇತ್ತು. "ಮಾವ ಅಳಿಯ ಇಬ್ಬರಿಗೂ ಹೊತ್ತು ಹೋಗಿದ್ದು ಗೊತ್ತಾಗಿಲ್ಲ" ಎಂದು ಅವಳು ಪಕ್ಕದ ಗುಬ್ಬಿಗೆ ಹೇಳಿ ನಕ್ಕಳು. ಹೊತ್ತು ಇಳಿದಾಗ ಹದ್ದೂ ಇಳಿಯಿತು, ಆದರೆ ಬೇರೆ ಮರಕ್ಕೆ.

ಅವಳು ಹಾರಿ ಹೋಗಿ ಕೇಳಿದಳು. "ಅಣ್ಣಾ, ನನ್ನ ಕೂಸೆಲ್ಲಿ?"

"ಗಾಳಿ ಹೊತ್ಕೊಂಡೋಯ್ತು ಕಣವ್ವಾ" ಎಂದಿತು ಹದ್ದು, ಬೇರೆ ಕಡೆ ನೋಡುತ್ತಾ.

ಕಾಜಾಣ ಗಾಳಿಯ ಹತ್ತಿರ ಹೋದಳು. "ಗಾಳಿಯಪ್ಪಾ, ನನ್ನ ಕೂಸೆಲ್ಲಿ?"

ಗಾಳಿ ಬೀಸುವುದು ಬಿಟ್ಟು ಹೇಳಿತು. "ನಾನು ತಳ್ಳಿದ್ದು ದಿಟ ತಾಯಿ. ಬೀಳಿಸಲಿಲ್ಲ. ಕೂಸು ನಿಮ್ಮಣ್ಣನ ಕಾಲಿಗೇ ಸಿಕ್ತು."

ಕಾಜಾಣ ಹೊಳೆಯ ಹತ್ತಿರ ಹೋದಳು. "ಹೊಳೆಯವ್ವಾ, ನನ್ನ ಕೂಸೆಲ್ಲಿ?"

"ನನ್ನ ಮಡಿಲಿಗೆ ಕೂಸು ಬೀಳ್ಲಿಲ್ಲ ಮಗಳೇ. ಒಂದು ಕರಿ ಪುಕ್ಕ ಬಿತ್ತು. ಅದರ ಮೇಲೆ ರಕ್ತ ಇತ್ತು, ತೊಳೆದು ಇಟ್ಟಿದೀನಿ, ತಗೋ" ಎಂದಿತು ಹೊಳೆ.

ಅವಳು ಆ ಪುಕ್ಕವನ್ನು ಕಚ್ಚಿಕೊಂಡು ಬಂದು ಹಕ್ಕಿಗಳ ಮುಂದೆ ಇಟ್ಟಳು. ಗುಬ್ಬಿ, ಗೊರವಂಕ, ಪಿಕಳಾರ, ಬೆಳವ ಎಲ್ಲ ಸೇರಿದ್ದವು. ಎಲ್ಲರಿಗೂ ತಿಳಿಯಿತು. ಬೆಳವ ಮೆಲ್ಲಗೆ ಹೇಳಿತು: "ಅಣ್ಣ ಅನ್ನಿಸಿಕೊಂಡವನನ್ನ ನಾಲ್ಕು ಜನರ ಎದುರಿಗೆ ಕೇಳೋದು ಹೆಂಗವ್ವಾ? ನೀನೇ ಹೊಟ್ಟೆಗೆ ಹಾಕ್ಕೋ. ನಾಳೆ ಗುಬ್ಬಿ ಮರಿ ಶಾಸ್ತ್ರ ಬೇರೆ ಐತೆ."

ನನಗೆ ಸಿಟ್ಟು ಬರುವುದು ಇಲ್ಲೇ. ಹದ್ದಿನ ಮೇಲೆ ಬಂದದ್ದಕ್ಕಿಂತ ಹೆಚ್ಚು ಈ ಬೆಳವದ ಮೇಲೆ ಬರುತ್ತದೆ.

ಮರುದಿನ ಹದ್ದು ಏನೂ ಆಗಿಲ್ಲವೆಂಬಂತೆ ಬಂತು. ಅಂಗಳದಲ್ಲಿ ನೆರಳು ಬಿತ್ತು. "ಮಾವ ಬಂದ! ಮಾವ ಬಂದ!" ಎಂದು ಮರಿಗಳು ಹೊರಗೆ ಓಡಿದವು. ಗುಬ್ಬಿಗೆ ಮರಿಯನ್ನು ಕಳಿಸಲು ಮನಸ್ಸಿರಲಿಲ್ಲ. ಆದರೂ ಬಂದ ಅಣ್ಣನಿಗೆ ಇಲ್ಲವೆನ್ನುವುದು ಹೇಗೆ? ಅದು ಮರಿಯನ್ನು ಮುಂದೆ ತಳ್ಳಿತು.

ಆಗ ಕಾಜಾಣ ಎದ್ದಳು. ಬಾಣ ಬಿಟ್ಟ ಹಾಗೆ ಹೋಗಿ ಹದ್ದಿನ ಬೆನ್ನ ಮೇಲೆ, ತನ್ನ ಮರಿ ಕೂತಿದ್ದ ಜಾಗದಲ್ಲೇ ಕೂತಳು. ಕೂತು, ಕುತ್ತಿಗೆಗೆ ಕುಟುಕಿ, ಎಲ್ಲರಿಗೂ ಕೇಳುವ ಹಾಗೆ ಕೂಗಿದಳು.

"ಅಣ್ಣಾ, ನನ್ನ ಕೂಸೆಲ್ಲಿ?"

ಹದ್ದು ಕೊಸರಿಕೊಂಡು ಹಾರಿತು. ಅವಳು ಬಿಡಲಿಲ್ಲ. "ಅಣ್ಣಾ, ನನ್ನ ಕೂಸೆಲ್ಲಿ?" ಹದ್ದು ಮುಗಿಲಿಗೆ ಏರಿತು. ಅವಳೂ ಏರಿದಳು. "ಅಣ್ಣಾ, ನನ್ನ ಕೂಸೆಲ್ಲಿ?" ಗಾಳಿ ಆ ಕೂಗನ್ನು ಹೊಲದಿಂದ ಹೊಲಕ್ಕೆ ಒಯ್ದಿತು.

ಕೆಳಗೆ ಗುಬ್ಬಿ ತನ್ನ ಮರಿಯನ್ನು ಎಳೆದು ರೆಕ್ಕೆಯೊಳಗೆ ಮುಚ್ಚಿಕೊಂಡಿತು. ಅದನ್ನು ನೋಡಿ ಕೋಳಿಯೂ ಮುಚ್ಚಿಕೊಂಡಿತು. ಗೊರವಂಕಕ್ಕೂ ಪಿಕಳಾರಕ್ಕೂ ಆಗ ಧೈರ್ಯ ಬಂತು, ಅವೂ ಕೂಗುತ್ತಾ ಹಿಂದೆ ಹಾರಿದವು. ಮುಗಿಲು ತೋರಿಸುವ ಶಾಸ್ತ್ರ ಅವತ್ತಿಗೆ ನಿಂತಿತು. ಅಂದಿನಿಂದ ಮರಿಗಳು ತಮ್ಮಷ್ಟಕ್ಕೆ ತಾವೇ, ಕೆಳಗಿನ ಕೊಂಬೆಯಿಂದ ಹೆದರುತ್ತಾ ಹಾರುವುದನ್ನು ಕಲಿಯಬೇಕಾಯಿತು. ಹಕ್ಕಿಗಳಿಗೆ ಮುಗಿಲಿನಲ್ಲಿದ್ದ ತವರು ಹೋಯಿತು. ಅದು ನೆನಪಾದರೆ ನನಗೆ ಈಗಲೂ ಸಂಕಟ.

ಆ ಬೆಳವ ಏನು ಮಾಡಿತು ಗೊತ್ತೇ? ಮುಂದಿನ ಸಲ ಮೊಟ್ಟೆಯಿಡುವಾಗ, ಅಲ್ಲಿಗೆ ಹದ್ದು ಬರುವುದಿಲ್ಲವೆಂದು, ಕಾಜಾಣ ಇದ್ದ ಮರದಲ್ಲೇ, ಅವಳ ಕೆಳಗಿನ ಕೊಂಬೆಯಲ್ಲೇ ಬಂದು ಗೂಡು ಕಟ್ಟಿತು. ಕಾಜಾಣ ಇರಲಿ ಬಿಡು ಎಂದುಕೊಂಡಳು. ನಾನಾಗಿದ್ದರೆ ಓಡಿಸುತ್ತಿದ್ದೆ. ಹದ್ದನ್ನು ಕಂಡರೆ ಮಾತ್ರ ಅವಳು ಇವತ್ತಿಗೂ ಬಿಡುವುದಿಲ್ಲ, ಬೆನ್ನೇರಿ ಅದನ್ನೇ ಕೇಳುತ್ತಾಳೆ.

ಏನೆಂದೆ? "ಹದ್ದು ಅಷ್ಟು ದೊಡ್ಡದಲ್ವಾ ಅಜ್ಜಿ, ತಿರುಗಿ ಯಾಕೆ ಕುಕ್ಕಲ್ಲ?"

ಕೇಳಬೇಕಾದದ್ದನ್ನೇ ಕೇಳಿದೆ. ಅದು ಮನಸ್ಸು ಮಾಡಿದರೆ ಕಾಜಾಣ ಒಂದೇ ಹಿಡಿತಕ್ಕೆ ಸಾಲದು. ಆದರೆ ಅವಳು ಇವತ್ತಿಗೂ ಅದನ್ನು ಕಳ್ಳ ಎನ್ನುವುದಿಲ್ಲ, ಕೊಲೆಗಾರ ಎನ್ನುವುದಿಲ್ಲ. ಅಣ್ಣಾ ಎಂದೇ ಕರೆಯುತ್ತಾಳೆ.

ಅಲ್ಲಿ ನೋಡು, ಆ ಕರೆಂಟಿನ ತಂತಿಯ ಮೇಲಿಂದ ಎದ್ದಳು. ಹದ್ದಿನ ಬೆನ್ನಿಗೆ ಎರಗಿದಳು, ಕುಟುಕಿದಳು, ಕೂಗಿದಳು. ಅಷ್ಟು ದೊಡ್ಡ ಹಕ್ಕಿ ಒಂದು ಸಲವೂ ಅವಳ ಮುಖ ನೋಡದೆ, ಹೇಗೆ ದೂರ ದೂರ ಹೋಗುತ್ತಿದೆ ನೋಡು.